ಕಂದು ಬೆಲ್ಟಿನ ಹಿಂದೆ ಕೋಬೆಗೆ

ನನ್ನ ಮೊಮ್ಮಗ ಚಿಣ್ಣಪ್ಪ ಜಪಾನಿನಲ್ಲಿ ಕರಾಟೆ ಪರೀಕ್ಷೆಗೆ ನಿಂತು ಫೇಲಾದ. ನಡೆದದ್ದು ಇಷ್ಟೇ. ಭಾಗಮಂಡಲದ ಅಂಗಡಿ ಜಗಲಿಯಲ್ಲಿ ಕೂತವರು ಇದಕ್ಕೆ ಕೈಕಾಲು ಸೇರಿಸಿ, ಜಪಾನಿನವರು ಹೊಟ್ಟೆಕಿಚ್ಚಿಗೆ ಮೋಸ ಮಾಡಿದರು ಎನ್ನುತ್ತಾರೆ. ಅವನು ಎದುರಾಳಿಯ ಹಲ್ಲು ಉದುರಿಸಿದ ಎಂದು ಒಬ್ಬರು ನನ್ನ ಮುಂದೆಯೇ ಹೇಳಿದರು. ಯಾರ ಹಲ್ಲೂ ಉದುರಲಿಲ್ಲ, ಯಾರೂ ಮೋಸ ಮಾಡಲಿಲ್ಲ. ತಬ್ಬಿಕೊಳ್ಳಬಾರದ ಜಾಗದಲ್ಲಿ ತಬ್ಬಿಕೊಂಡ, ಫೇಲಾದ. ನಾನು ಅಲ್ಲೇ ಚಾಪೆಯ ಮೇಲೆ ಕೂತು ನೋಡಿದವಳು.

ಕರಾಟೆ ಎಂದರೆ ಬರಿಗೈ ಬರಿಗಾಲಿನಲ್ಲಿ ಹೊಡೆದಾಡುವ ವಿದ್ಯೆ. ಕತ್ತಿ ಇಲ್ಲ, ಕೋವಿ ಇಲ್ಲ. ಮನೆಗೊಂದು ಕೋವಿ ಇಟ್ಟುಕೊಂಡ ನಮ್ಮಂಥವರಿಗೆ ಕೇಳಿದರೆ ನಗು ಬರುತ್ತದೆ. ನನಗೂ ಬಂದಿತ್ತು.

ಚಿಣ್ಣನ ಸ್ವಭಾವ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಡಿಕೇರಿಯ ಶಾಲೆಯನ್ನು ಅರ್ಧಕ್ಕೆ ಬಿಟ್ಟ. ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಕೊಡಿಸಿದರೆ ಒಂದು ಕೊಯ್ಲು ಮುಗಿಯುವ ಮೊದಲೇ ಬಿಟ್ಟು ಬಂದ. ತೋಟಕ್ಕೆ ಬೇಲಿ ಕಟ್ಟುತ್ತೇನೆಂದು ಹೊರಟ. ಆ ಬೇಲಿ ಇವತ್ತಿಗೂ ಒಂದೇ ಮಗ್ಗುಲಿಗೆ ಇದೆ, ದನಗಳು ಇನ್ನೊಂದು ಮಗ್ಗುಲಿಂದ ಬರುತ್ತವೆ. ಅವನ ಅಪ್ಪ, ಎಂದರೆ ನನ್ನ ಮಗ, ಅವನನ್ನು 'ಅರ್ಧ ಚಿಣ್ಣ' ಎಂದೇ ಕರೆಯುವುದು. ಕೊನೆಗೆ ಬೊಂಬಾಯಿಗೆ ಹೋಗಿ ಗುಜರಾತಿ ಬಟ್ಟೆ ವ್ಯಾಪಾರಿಯೊಬ್ಬರ ಹತ್ತಿರ ಸೇರಿದ. ಅವರು ಅವನನ್ನು ಜಪಾನಿನ ಕೋಬೆಯಲ್ಲಿದ್ದ ತಮ್ಮ ಅಂಗಡಿಗೆ ಕಳಿಸಿದರು.

ಆ ವರ್ಷ ನನ್ನ ಮಗ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಕಾಫಿ ಕೊಯ್ಲಿಗೆ ಮನೆಯಲ್ಲಿ ಗಂಡಾಳು ಇಲ್ಲ. ಚಿಣ್ಣನಿಗೆ ಬರಲು ಬರೆಸಿದರೆ, 'ಕಂದು ಬೆಲ್ಟು ಸಿಕ್ಕಿದ ಕೂಡಲೇ ಮೊದಲ ಹಡಗಿಗೆ ಬರುತ್ತೇನೆ, ಅದಕ್ಕೆ ಮೊದಲು ಬರಲಾರೆ' ಎಂದು ಉತ್ತರ ಬಂತು. ಬೆಲ್ಟು ಯಾವ ಅಂಗಡಿಯಲ್ಲೂ ಸಿಗುತ್ತದಲ್ಲ ಎಂದು ನಾವು ಯೋಚಿಸಿದೆವು.

ಅವನು ಬರುವುದಿಲ್ಲ ಎಂದು ಮಗ ಮಲಗಿದಲ್ಲಿಂದಲೇ ನಮ್ಮ ಅರೆಭಾಷೆಯಲ್ಲಿ ಹೇಳಿದ: "ಅವ ಬಾದ್ಲೆ ಅವ್ವ. ಇದೂ ಒಂದು ನೆಪ."

"ನೆಪ ಆದರೆ ಕಿವಿ ಹಿಡ್ದ್ ತನ್ನೆ" ಎಂದು, ಅವನನ್ನು ಎಳೆದು ತರಲು ನಾನೇ ಹೊರಟೆ.

ಹಡಗಿನಲ್ಲಿ

ಆ ವ್ಯಾಪಾರಿಯ ಹೆಂಡತಿ, ಆಗ ಕೋಬೆಯ ಅಂಗಡಿಯಲ್ಲೇ ಇದ್ದ ಗಂಡನ ಬಳಿಗೆ ಹೋಗುವವಳಿದ್ದಳು. ಕೊಲಂಬೊದಲ್ಲಿ ನನ್ನನ್ನು ಅವಳ ಕೈಗೆ ಒಪ್ಪಿಸಿದರು. ಎರಡು ದಿನಕ್ಕೆ ಅವಳೇ ನನ್ನ ಕೈಗೆ ಬಂದಳು. ಹಡಗು ಅಲ್ಲಾಡಿದರೆ ಅವಳು ಎದ್ದು ಕೂರುವುದೇ ಇಲ್ಲ. ನನಗೆ ಏನೂ ಆಗಲಿಲ್ಲ. ಘಟ್ಟದ ರಸ್ತೆಯಲ್ಲಿ ಮೋಟಾರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದವಳಿಗೆ ಸಮುದ್ರ ಏನು ಮಾಡೀತು?

ಅವಳಿಗೆ ಕನ್ನಡ ಬಾರದು. ಫ್ರೇಜರ್‌ಪೇಟೆ ಸಂತೆಯಲ್ಲಿ ಸಾಬರ ಹತ್ತಿರ ಎತ್ತು ಕೊಳ್ಳುವಾಗ ಕಲಿತ ಉರ್ದು ನನ್ನ ಬಾಯಲ್ಲಿತ್ತು. ಅದರಲ್ಲಿ ಎತ್ತಿನ ಹಲ್ಲು, ಗೊರಸು, ವಯಸ್ಸು ಬಿಟ್ಟರೆ ಹೆಚ್ಚು ಮಾತಿಲ್ಲ.

"ಬೆಹನ್, ಮೈ ಮರ್ ಜಾವೂಂಗಿ" ಎಂದು, ತಾನು ಸತ್ತೇ ಹೋಗುತ್ತೇನೆಂದು, ಅವಳು ಅತ್ತಳು.

"ಮರ್ನಾ ಹೈ ತೋ ಕೋಬೆ ಜಾಕೆ ಮರೋ. ಯಹಾಂ ಪಾನೀ ಮೇ ಡಾಲೇಂಗೆ" ಎಂದೆ. ಸಾಯುವುದಿದ್ದರೆ ಕೋಬೆಗೆ ಹೋಗಿ ಸಾಯಿ ಎಂದು. ಇಲ್ಲಿ ಸತ್ತರೆ ನೀರಿಗೆ ಹಾಕುತ್ತಾರೆ ಎಂಬುದು ಸುಳ್ಳಲ್ಲ, ಹಡಗಿನವರೇ ಹೇಳಿದ್ದರು.

ನಾನು ಮನೆಯಿಂದ ಒಂದು ಸೀಸೆ ಕಾಚಂಪುಳಿ ಒಯ್ದಿದ್ದೆ. ಹಂದಿ ಮಾಂಸಕ್ಕೂ ಮೀನಿಗೂ ಹಾಕುವ ನಮ್ಮ ಕಪ್ಪು ಹುಳಿ ರಸ. ಬೆರಳಿಗೆ ಒಂದು ಹನಿ ಹಚ್ಚಿ ಅವಳ ನಾಲಿಗೆಗೆ ತಾಗಿಸಿದೆ. ಮುಖವೆಲ್ಲ ಮುದುಡಿಕೊಂಡಳು, ವಾಕರಿಕೆ ನಿಂತಿತು. ಆಮೇಲೆ ಅಲೆ ಎದ್ದಾಗಲೆಲ್ಲ ಬಾಯಿ ತೆರೆದು ಮಲಗುತ್ತಿದ್ದಳು. ಇದು ಯಾವ ಅಡುಗೆಗೆ ಸೇರುವುದು ಎಂದು ಅವಳು ಕೇಳಲಿಲ್ಲ. ಅವಳು ಶುದ್ಧ ಸಸ್ಯಾಹಾರಿ, ನಾನೂ ಹೇಳಲಿಲ್ಲ.

ಕೋಬೆಯಲ್ಲಿ ಇಳಿದ ದಿನ

ಬಂದರಿನಲ್ಲಿ ಚಿಣ್ಣ ಕಾಲಿಗೆ ಬಿದ್ದ. ಮೈ ಗಟ್ಟಿಯಾಗಿತ್ತು, ಬೆರಳಿನ ಗೆಣ್ಣುಗಳು ಕಲ್ಲಿನ ಹಾಗೆ ದಪ್ಪಗಾಗಿದ್ದವು.

"ಎಂತ ಇದ್, ಕಲ್ಲು ಒಡೆಯೊ ಕೆಲಸವಾ?"

"ಕಂಬಕ್ಕೆ ಗುದ್ದುದು ಅಜ್ಜಿ."

"ಕಂಬ ನಿಂಗೆ ಎಂತ ಮಾಡ್ತ್?"

ಅವನು ನಕ್ಕ. ನಾನು ನಗಲಿಲ್ಲ.

ಅವನಿದ್ದದ್ದು ಹನಾ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ. ಕೆಳಗೆ ಅವಳು, ಹಿಂದೆ ಒಂದು ಕೈಯಗಲದ ಹಿತ್ತಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಜನ. ನನಗೆ ಮೊದಲ ನೋಟಕ್ಕೇ ಒಪ್ಪಿಗೆಯಾಯಿತು. ನಮ್ಮ ದೊರೆಗಳು ಬೂಟು ಹಾಕಿಕೊಂಡು ಹಾಸಿಗೆಯವರೆಗೂ ಹೋಗುತ್ತಾರೆ, ಬುದ್ಧಿವಂತರಂತೆ. ಹನಾ ನನ್ನನ್ನು ಕಂಡು ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದಳು. ನಾನೂ ಬಗ್ಗಿದೆ. ಅವಳು ಮತ್ತೆ ಬಗ್ಗಿದಳು. ಚಿಣ್ಣ ನನ್ನ ರಟ್ಟೆ ಹಿಡಿದು ನಿಲ್ಲಿಸದಿದ್ದರೆ ನಾವು ಸಂಜೆಯವರೆಗೂ ಅಲ್ಲೇ ಇರುತ್ತಿದ್ದೆವು.

ಸ್ನಾನ ಮಾತ್ರ ಆಗಿಬರಲಿಲ್ಲ. ಬೀದಿಗೆಲ್ಲ ಒಂದೇ ಬಚ್ಚಲು. ಒಂದು ದೊಡ್ಡ ತೊಟ್ಟಿ, ಹೊಗೆಯಾಡುವ ಬಿಸಿನೀರು, ಅದರೊಳಗೆ ಬೀದಿಯ ಹೆಂಗಸರೆಲ್ಲ ಹುಟ್ಟಿದ ವೇಷದಲ್ಲಿ ಕುತ್ತಿಗೆವರೆಗೆ ಮುಳುಗಿ ಮಾತಾಡುತ್ತಿದ್ದಾರೆ. ನಾನು ಸೀರೆ ಸುತ್ತಿಕೊಂಡೇ ಇಳಿದೆ. ಊರಿನಿಂದ ಒಯ್ದ ಅಂಟುವಾಳ ಕಾಯಿ ತಲೆಗೆ ತಿಕ್ಕಿದೆ. ತೊಟ್ಟಿಯ ತುಂಬ ನೊರೆ ಎದ್ದಿತು. ಹೆಂಗಸರೆಲ್ಲ ಕೂಗಿಕೊಂಡು ಮೇಲೆ ಹತ್ತಿದರು. ಹೊರಗೆ ಮೈ ತೊಳೆದು, ಆಮೇಲೆ ತೊಟ್ಟಿಗೆ ಇಳಿಯುವುದಂತೆ. ಕೊಳೆ ತೊಳೆದ ಮೇಲೆ ನೀರಿಗೆ ಇಳಿಯುವುದು ಯಾಕೆ ಎಂದು ನನಗೆ ಇವತ್ತಿಗೂ ತಿಳಿಯುವುದಿಲ್ಲ. ಮರುದಿನದಿಂದ ಹನಾ ನನಗೆ ಹಿತ್ತಲಲ್ಲೇ ನೀರು ಕಾಯಿಸಿ ಕೊಟ್ಟಳು. ಬೀದಿಯ ಹೆಂಗಸರು ಅವಳಿಗೆ ಉಪಕಾರ ಹೇಳಿರಬೇಕು.

ಗೋದಾಮಿನ ಹಿಂದೆ

ಬೆಲ್ಟು ಎಂದರೆ ಏನೆಂದು ಅಲ್ಲಿ ತಿಳಿಯಿತು. ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕುವ ಬಟ್ಟೆ, ನಮ್ಮ ಗಂಡಸರು ಕುಪ್ಪಸವೆಂಬ ನಿಲುವಂಗಿಯ ಮೇಲೆ ಕಟ್ಟುವ ಚೇಲೆಯ ಹಾಗೆ. ನಮ್ಮಲ್ಲಿ ಮದುವೆಯಾಗುವ ಯಾವ ಬೆಪ್ಪನಿಗೂ ರೇಶ್ಮೆ ಚೇಲೆ ಕಟ್ಟುತ್ತಾರೆ. ಇಲ್ಲಿ ಬಿಳಿ ಕಟ್ಟಿದವನು ಕಂದು ಕಟ್ಟಬೇಕಾದರೆ ಹಿರಿಯರ ಮುಂದೆ ನಿಂತು ತೋರಿಸಬೇಕು. ಕಪ್ಪಿಗೆ ಇನ್ನೂ ಮುಂದೆ.

ಶಾಲೆ ಎಂಬುದು ಮರದ ಗೋದಾಮಿನ ಹಿಂದಿನ ಒಂದು ಕೊಟ್ಟಿಗೆ. ಗುರುಗಳು ದಕ್ಷಿಣದ ದ್ವೀಪದವರು, ನನ್ನ ವಯಸ್ಸಿನವರು, ಎತ್ತರ ನನ್ನ ಹೆಗಲಿಗೆ. ಅವರನ್ನು ಎಲ್ಲರೂ ಸೆನ್ಸೇ ಎನ್ನುವರು. ಬೆಳಕು ಹರಿಯುವ ಮುಂಚೆ ಹುಡುಗರು ಬಂದು ನೆಲ ಒರೆಸುತ್ತಾರೆ, ಕೂಲಿ ಕೊಡದೆ. ಆಮೇಲೆ ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ, ಒದೆಯುತ್ತಾರೆ, ಹೋ ಎಂದು ಕೂಗುತ್ತಾರೆ. ಎದುರಿಗೆ ಯಾರೂ ಇಲ್ಲ! ನಮ್ಮ ಊರಿನ ಮುದುಕರು ಕೋವಿಯಿಲ್ಲದೆ ಜಗಲಿಯಲ್ಲಿ ನಿಂತು, ಹಂದಿ ಹೀಗೆ ಬಂತು ನಾನು ಹೀಗೆ ತಿರುಗಿದೆ ಎಂದು ಬೇಟೆ ತೋರಿಸುತ್ತಾರಲ್ಲ, ಅದೇ. ವ್ಯತ್ಯಾಸ ಒಂದೇ, ಇಲ್ಲಿ ಎಲ್ಲರ ಹಂದಿಯೂ ಒಂದೇ ಕಡೆಯಿಂದ ಬರುತ್ತದೆ.

ಚಿಣ್ಣನ ಕೈ ಚೆನ್ನಾಗಿತ್ತು. ಕಾಲು ಸರಿಯಿರಲಿಲ್ಲ. ಸೆನ್ಸೇ ಒಂದು ಬೆರಳಲ್ಲಿ ಅವನ ಮೊಣಕಾಲು ನೂಕಿದರು, ಅವನು ಬಾಳೆದಿಂಡಿನ ಹಾಗೆ ಬಾಗಿದ.

ಸೆನ್ಸೇ ಮಾತಿನ ಅರ್ಥವನ್ನು ದಾರಿಯಲ್ಲಿ ಕೇಳಿದೆ: "ಅವು ಎಂತ ಹೇಳ್ದು?"

"ಕಾಲು ನೆಲಲಿ ಬೇರು ಬಿಟ್ಟ ಹಂಗೆ ಇರ್‌ಕು. ಹಂಗಿಲ್ಲದರೆ ಪರೀಕ್ಷೆಗೆ ನಿಲ್ಲುದೇ ಬೇಡ ಅಂತ."

"ಪರೀಕ್ಷೆ ಯಾವಾಗ?"

"ಮುಂದಿನ ಹುಣ್ಣಿಮೆ ಕಳ್ದ ಮೇಲೆ. ನಿಮ್ಮ ವಾಪಸು ಹಡಗಿನ ಹಿಂದಿನ ದಿನ."

"ಫೇಲಾದರೆ?"

"ಚಳಿ ಕಳ್ದ್ ಮತ್ತೆ ಒಂದು ಪರೀಕ್ಷೆ ಉಟ್ಟು."

ಚಳಿ ಕಳೆಯುವಾಗ ನಮ್ಮ ಕಾಫಿ ನೆಲಕ್ಕೆ ಉದುರಿ ಹಂದಿಗೆ ಆಹಾರವಾಗಿರುತ್ತದೆ. ಅವನು ಪಾಸಾಗದೆ ನನ್ನ ಜೊತೆ ಬರುವುದಿಲ್ಲ. ಆದ್ದರಿಂದ ಅವನು ಪಾಸಾಗಲೇಬೇಕು. ಕರಾಟೆಯ ಮೇಲೆ ನನಗೆ ಪ್ರೀತಿ ಬಂದದ್ದು ಹೀಗೆ, ಬೇರೆ ಕಾರಣವಿಲ್ಲ.

ಹನಾ ಮನೆಯ ಹಿತ್ತಲು

ಮೊದಲ ವಾರದಲ್ಲೇ ಅವನ ಹಳೆಯ ಗುಣ ಕಂಡಿತು. ಒಂದು ದಿನ ಮಳೆ. ಮುಸುಕು ಹಾಕಿಕೊಂಡು ಮಲಗಿದ್ದಾನೆ.

"ಇಂದ್ ಮಳೆ ಅಜ್ಜಿ. ನಾಳೆ ಹೋನೆ."

"ಮಳೆ ಅಂತ ಭಾಗಮಂಡಲಲಿ ಯಾರಾದರೂ ನಾಟಿ ಬಿಟ್ಟ್ ಮಲಗಿದುಂಟಾ? ಇದ್ ಮಳೆಯಾ? ನಮ್ಮ ಕೋಳಿ ಕೂಡ ಇದ್ರಲ್ಲಿ ನೆನೆಯುದ್ಲೆ. ಏಳ್!"

ಅಂದಿನಿಂದ ನಾನೇ ಎಬ್ಬಿಸಿ, ಗೋದಾಮಿನವರೆಗೆ ಹಿಂದೆ ಹಿಂದೆ ನಡೆದೆ. ಸೆನ್ಸೇ ನನಗೊಂದು ಚಾಪೆ ಹಾಕಿಸಿದರು. ಅಲ್ಲಿ ಕೂತು ಅವರು ಬೈಯುವುದನ್ನು ಕೇಳುವುದು ನನಗೆ ಸಂತೋಷ. ಮಾತು ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ.

ಕಾಲಿನ ಕೆಲಸವನ್ನು ನಾನು ವಹಿಸಿಕೊಂಡೆ. ಪುತ್ತರಿ ಸುಗ್ಗಿ ಹಬ್ಬ ಕಳೆದ ಮೇಲೆ ನಮ್ಮೂರ ಮಂದಿನಲ್ಲಿ, ಎಂದರೆ ಊರ ಬಯಲಿನಲ್ಲಿ, ಪರಿಯಕಳಿ ಆಡುತ್ತಾರೆ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ, ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಹೆಂಗಸರು ಆಡುವುದಿಲ್ಲ, ಆದರೆ ನೋಡಿ ನೋಡಿ ಯಾರ ಪೆಟ್ಟು ಎಲ್ಲಿ ಬೀಳುತ್ತದೆಂದು ಆಡುವವರಿಗಿಂತ ನಮಗೆ ಚೆನ್ನಾಗಿ ಗೊತ್ತು. ಹನಾಳ ಬಟ್ಟೆ ಒಣಗಿಸುವ ಬಿದಿರು ಕೋಲು ನನ್ನ ಕೈಗೆ, ಅನ್ನದ ಪಾತ್ರೆಯ ಮರದ ಮುಚ್ಚಳ ಅವನ ಕೈಗೆ. ಸಂಜೆ ಅಂಗಡಿಯಿಂದ ಬಂದ ಕೂಡಲೇ ಶುರು. ಕಾಲು ಎತ್ತಿದರೆ ಮೀನಖಂಡಕ್ಕೆ ಒಂದು. ಕಾಲಿನ ಕಡೆ ನೋಡಿದರೆ ಇನ್ನೊಂದು.

ಪರಿಯಕಳಿಗೆ ಒಂದು ಕಟ್ಟಳೆ ಇದೆ. ಇಬ್ಬರಲ್ಲಿ ಯಾರು ಬೆತ್ತ ಕೆಳಗೆ ಇಳಿಸಿದರೂ ಆಟ ಅಲ್ಲಿಗೆ ಮುಗಿಯಿತು. ಆ ಕ್ಷಣ ಇನ್ನೊಬ್ಬನು ತನ್ನದನ್ನೂ ಇಳಿಸಿ ತಬ್ಬಿಕೊಳ್ಳಬೇಕು. ಕಾಲಲ್ಲಿ ರಕ್ತ ಬರುತ್ತಿರಲಿ, ತಬ್ಬಿಕೊಳ್ಳಬೇಕು. ತಬ್ಬದೆ ಹೋದವನನ್ನು ಊರಿನಲ್ಲಿ ಯಾರೂ ಮನುಷ್ಯನೆಂದು ಮಾತಾಡಿಸುವುದಿಲ್ಲ. ಅದಿಲ್ಲದೆ ಬರೀ ಹೊಡೆತ ಕಲಿಸಲು ನನಗೆ ಮನಸ್ಸಾಗಲಿಲ್ಲ. ನಾನು ಕೋಲು ಇಳಿಸುವುದು, ಅವನು ಬಂದು ತಬ್ಬುವುದು. ತಡ ಮಾಡಿದರೆ ಅದಕ್ಕೂ ಒಂದು ಪೆಟ್ಟು.

ಒಂದು ಸಂಜೆ ಬೇಲಿಯಾಚೆ ಒಬ್ಬ ಪೋಲೀಸಿನವನು, ಸೊಂಟದಲ್ಲಿ ಕತ್ತಿ, ಬಂದು ನಿಂತ. ಪರದೇಶದ ಮುದುಕಿಯೊಬ್ಬಳು ದಿನಾ ಒಬ್ಬ ಯುವಕನನ್ನು ಹೊಡೆದು, ಆಮೇಲೆ ಅಪ್ಪಿಕೊಳ್ಳುತ್ತಾಳೆ, ಅವಳಿಗೆ ತಲೆ ಕೆಟ್ಟಿರಬೇಕು ಎಂದು ಪಕ್ಕದ ಮನೆಯವರು ದೂರು ಕೊಟ್ಟಿದ್ದರಂತೆ. ಹನಾ ಓಡಿ ಬಂದು ಏನೇನೋ ಹೇಳಿ ಟೀ ಕೊಟ್ಟಳು. ಅವನು ಟೀ ಕುಡಿದು, ಚಿಣ್ಣನ ಕಾಲು ನೋಡಿ, ನನ್ನ ಕೋಲು ನೋಡಿ, ನನಗೊಂದು ಸಲಾಮು ಹೊಡೆದು ಹೋದ.

"ಎಂತ ಹೇಳ್ತ್ ಅಂವ?"

"ಅಂವನ ಅಮ್ಮನೂ ಹಿಂಗೇ ಇತ್ತಂತೆ ಅಜ್ಜಿ."

ಕಾಲು ಬೇರು ಬಿಟ್ಟಿತು. ಹುಣ್ಣಿಮೆಯ ಹೊತ್ತಿಗೆ ಸೆನ್ಸೇ ಬೆರಳಲ್ಲಿ ನೂಕಿದರು, ಆಮೇಲೆ ಅಂಗೈಯಲ್ಲಿ, ಆಮೇಲೆ ಹೆಗಲು ಕೊಟ್ಟರು. ಚಿಣ್ಣ ಅಲ್ಲಾಡಲಿಲ್ಲ. ನಾನು ಎಬ್ಬಿಸುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ನಾನು ಏಳುವಾಗ ಅವನ ಹಾಸಿಗೆ ಮಡಚಿಟ್ಟಿರುತ್ತಿತ್ತು. ಅವನು ಹುಟ್ಟಿದಂದಿನಿಂದ ಅಂಥದ್ದನ್ನು ನಾನು ಕಂಡವಳಲ್ಲ. ಅವನಿಗೂ ಹಡಗಿನ ಟಿಕೇಟು ತೆಗೆಸಿದೆ.

ಪರೀಕ್ಷೆಯ ದಿನ

ಹೊರಗಿನಿಂದ ಬಂದ ಮೂವರು ಮುದುಕರು ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಸೆನ್ಸೇ. ನಮ್ಮ ಕಡೆ ಇಷ್ಟು ಹಿರಿಯರು ಹೀಗೆ ಮಾತಿಲ್ಲದೆ ಕೂತರೆ ಯಾರೋ ಸತ್ತಿದ್ದಾರೆ ಎಂದು ಅರ್ಥ.

ಒಬ್ಬನೇ ಮಾಡುವ ಆಟವನ್ನು ಚಿಣ್ಣ ಚೆನ್ನಾಗಿ ಮಾಡಿದ. ಬೇಟೆಯ ಹಂದಿ ನನ್ನ ಕಣ್ಣಿಗೂ ಕಂಡಿತು. ಮೂವರಲ್ಲಿ ಒಬ್ಬರು ತಲೆ ಆಡಿಸಿದರು. ನಾನು ಮನಸ್ಸಿನಲ್ಲೇ ಅವನ ಪೆಟ್ಟಿಗೆ ತುಂಬತೊಡಗಿದೆ.

ಆಮೇಲೆ ಜೋಡಿ. ಎದುರಾಳಿ ಬಣ್ಣದ ಕಾರ್ಖಾನೆಯ ಕೆಲಸಗಾರ, ಕೈಗಳೆರಡೂ ಮೊಣಕೈಯವರೆಗೆ ನೀಲಿ. ಮೈಗೆ ತಾಗಿಸದೆ ಕೂದಲೆಳೆ ದೂರದಲ್ಲಿ ಪೆಟ್ಟು ನಿಲ್ಲಿಸಬೇಕು, ಅದೇ ಕಷ್ಟ. ನೀಲಿ ಕೈಯವನು ನುಗ್ಗಿದ, ಚಿಣ್ಣ ತಡೆದ. ಮತ್ತೆ ನುಗ್ಗಿದ, ಚಿಣ್ಣ ಪಕ್ಕಕ್ಕೆ ಸರಿದು ಅವನ ಪಕ್ಕೆಗೆ ಮುಷ್ಟಿ ತಂದು ನಿಲ್ಲಿಸಿದ. ಚಿಣ್ಣನ ಕಾಲು ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ನೀಲಿ ಕೈಯವನಿಗೆ ಉಸಿರು ಸಿಕ್ಕಿಕೊಂಡಿತು. ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಕೆಳಗೆ ಬಿಟ್ಟ.

ಚಿಣ್ಣ ತನ್ನ ಕೈಯನ್ನೂ ಇಳಿಸಿ, ಮುಂದೆ ಹೋಗಿ, ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ.

ನೀಲಿ ಕೈಯವನು ಚಿಣ್ಣನ ತೋಳಿನೊಳಗೆ ಮರದ ಕಂಬದ ಹಾಗೆ ನಿಂತಿದ್ದ. ಎಲ್ಲಿ ಕೈ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮುದುಕರಲ್ಲಿ ಒಬ್ಬರು ಕೆಮ್ಮಿದರು. ಚಿಣ್ಣ ತೋಳು ಬಿಟ್ಟು ಹಿಂದೆ ಸರಿದ. ಕಿವಿಯವರೆಗೆ ಕೆಂಪಾಗಿದ್ದ.

ಸೆನ್ಸೇ ಅವನನ್ನು ನನ್ನ ಚಾಪೆಯ ಹತ್ತಿರ ಕರೆತಂದು ಹೇಳತೊಡಗಿದರು. ನನಗೆ ತಿಳಿಸುವವರು ಬೇರೆ ಇಲ್ಲ. ತಾನು ಫೇಲಾದದ್ದನ್ನು ಅವನೇ ನನಗೆ ಅರೆಭಾಷೆಯಲ್ಲಿ ಹೇಳಬೇಕಾಯಿತು.

"ಕೈ ಇಳಿಸಿದ್ದ್ ಅಂವ, ನಿನ್ನ ಎಚ್ಚರ ಎಂತಕೆ ಇಳ್ತ್ ಅಂತ ಕೇಳ್ದು ಅಜ್ಜಿ. ಅಂವ ಮತ್ತೆ ಕೈ ಎತ್ತಿದರೆ ನಾ ಸತ್ತಂಗೆ. ಸಾಕು ಅಂತ ಸೆನ್ಸೇ ಹೇಳುವವರೆಗೆ ಮುಗಿಯುದ್ಲೆ ಅಂತ."

"ಕೈ ಇಳಿಸಿದವನಿಗೆ ಮತ್ತೆ ಹೊಡಿಯೊ ಜನ ನಮ್ಮಲ್ಲಿ ಇಲ್ಲೆ ಅಂತ ಹೇಳ್."

ಹೇಳಿದ. ಸೆನ್ಸೇ ನನ್ನ ಕಡೆಗೇ ತಿರುಗಿ ಉತ್ತರ ಕೊಟ್ಟರು. ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ನಿಮ್ಮ ಊರು ಒಳ್ಳೇ ಊರಂತೆ" ಎಂದ ಚಿಣ್ಣ. "ಆದರೆ ಇವ ಎಲ್ಲ ಊರಲ್ಲೂ ಬದುಕ್‌ಬೇಕಲ್ಲ ಅಂತ ಹೇಳ್ದು."

ಮುದುಕ ಹೇಳಿದ್ದು ಸರಿ. ನಾನು ಕಲಿಸಿದ್ದೂ ತಪ್ಪಲ್ಲ. ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಳ್ಳಲು ಅವನಿಗೆ ಇನ್ನೂ ಸಮಯ ಬೇಕು, ಅಷ್ಟೇ.

ಮನೆಗೆ ಬಂದವನು ಬೆಲ್ಟು ಬಿಚ್ಚಿ ಸುರುಳಿ ಸುತ್ತಿ ಪೆಟ್ಟಿಗೆಯ ಅಡಿಗೆ ಹಾಕಿದ. ಅದರ ಮೇಲೆ ಅಂಗಿಗಳನ್ನು ಹಾಕಿದ.

"ಎಂತ ಮಾಡ್ದು?"

"ಸಾಕಾತ್ ಅಜ್ಜಿ. ನಾಳೆ ನಾನೂ ಬನ್ನೆ. ಟಿಕೇಟು ಹೆಂಗೂ ಉಟ್ಟಲ್ಲ. ಅಪ್ಪ ಹೇಳುದೇ ಸರಿ, ನಾ ಅರ್ಧ ಚಿಣ್ಣನೇ."

ನಾನು ಸಮುದ್ರ ದಾಟಿ ಬಂದದ್ದು ಈ ಮಾತಿಗಾಗಿ. ಕಿವಿ ಹಿಡಿಯುವ ಅಗತ್ಯವೂ ಬೀಳಲಿಲ್ಲ, ತಾನೇ ಬರುತ್ತಿದ್ದಾನೆ. ಹನಾ ಮೀನು ಬೇಯಿಸಿದಳು, ಉಳಿದ ಕಾಚಂಪುಳಿಯನ್ನು ಅದಕ್ಕೆ ಹಾಕಿದೆ. ಒಳ್ಳೆಯ ಮೀನು. ಚಿಣ್ಣ ಅರ್ಧ ತಿಂದು ತಟ್ಟೆ ಸರಿಸಿದ. ನನಗೂ ಯಾಕೋ ರುಚಿಸಲಿಲ್ಲ.

ಮಾರನೆಯ ಬೆಳಿಗ್ಗೆ

ಬೆಳಕು ಹರಿದಿರಲಿಲ್ಲ. ಅವನು ಮುಸುಕು ಹಾಕಿ ಮಲಗಿದ್ದ. ನಾನು ಅವನ ಪೆಟ್ಟಿಗೆ ತೆರೆದು, ಅಂಗಿಗಳನ್ನೆಲ್ಲ ನೆಲಕ್ಕೆ ಹಾಕಿ, ಅಡಿಯಿಂದ ಬಿಳಿ ಬೆಲ್ಟು ತೆಗೆದೆ. ಹೊದಿಕೆ ಎಳೆದೆ.

"ಏಳ್. ಹೊತ್ತಾತ್."

"ಹಡಗು ಮಧ್ಯಾಹ್ನಕ್ಕಲ್ಲಾ ಅಜ್ಜಿ?"

"ಹಡಗಿಗೆ ನಾ ಹೋನೆ. ನೀ ಗೋದಾಮಿಗೆ ಹೋಗ್."

ಅವನು ಎದ್ದು ಕೂತ. "ಕೊಯ್ಲು?"

"ಕೊಯ್ಲಿಗೆ ನಾ ಸಾಕು. ಸೊಂಟ ಬಿದ್ದದ್ದ್ ನಿನ್ನಪ್ಪಂದ್, ನಂದಲ್ಲ."

"ಅಪ್ಪಂಗೆ ಎಂತ ಹೇಳುವೊ?"

"ಫೇಲಾತ್ ಅಂತ ಹೇಳ್ನೆ. ಬಿಟ್ಟ ಅಂತ ಹೇಳುದ್ ನನ್ನಿಂದ ಆದ್ಲೆ."

ಅವನು ಎದ್ದು ನಿಂತ, ನಾನೇ ಬೆಲ್ಟು ಸುತ್ತಿ ಗಂಟು ಹಾಕಿದೆ. ಗಂಟು ಬಿಗಿಯಾಯಿತೆಂದು ಅವನು ಉಸಿರು ಬಿಟ್ಟ, ಸಡಿಲಿಸಲಿಲ್ಲ. ಕಾಲಿಗೆ ಬಿದ್ದು ಮೆಟ್ಟಿಲಿಳಿದು ಹೋದ. ಅವನ ಟಿಕೇಟನ್ನು ವಾಪಸು ಮಾಡಿಸಲು ಹನಾಳ ಕೈಗೆ ಕೊಟ್ಟೆ. ಅವಳು ಬಗ್ಗಿದಳು, ನಾನೂ ಒಂದು ಸಲ ಬಗ್ಗಿದೆ.

ರಿಕ್ಷಾದವನು ಬಂದರಿಗೆ ಗೋದಾಮಿನ ಬೀದಿಯಲ್ಲೇ ಎಳೆದುಕೊಂಡು ಹೋದ. ಒಳಗಿನಿಂದ ಹೋ ಎಂಬ ಕೂಗು ಬರುತ್ತಿತ್ತು, ಎಲ್ಲರದ್ದೂ ಒಟ್ಟಿಗೆ. ಅದರಲ್ಲಿ ಚಿಣ್ಣನದು ಯಾವುದೆಂದು ಗೊತ್ತಾಗಲಿಲ್ಲ. ನಿಲ್ಲಿಸಲಾ ಎಂದು ರಿಕ್ಷಾದವನು ತಿರುಗಿ ನೋಡಿದ. ಬೇಡವೆಂದು ಕೈಯಾಡಿಸಿದೆ, ನಡೆ ಎಂದೆ.